ಫೋಟೋ ತೋರಿಸಿ ಮಾರುವ ಮುನ್ನ

ಜುಮಾ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಕುರ್‌ಆನ್ ಹೇಳುತ್ತದೆ. ಇಂದು ಅದಕ್ಕಾಗಿ ಪೇಟೆಗೇ ಹೋಗಬೇಕೆಂದಿಲ್ಲ. ಮನೆಯಲ್ಲೇ ಇದ್ದು ಮೊಬೈಲ್ ಮೂಲಕ ಬುರ್ಖಾ, ಮಕ್ಕಳ ಬಟ್ಟೆ, ಅತ್ತರು, ಉಪ್ಪಿನಕಾಯಿ ಮಾರುವ ಸಹೋದರಿಯರು ನಮ್ಮ ಅನೇಕ ಊರುಗಳಲ್ಲಿದ್ದಾರೆ. ಇದು ಸಂತೋಷದ ವಿಷಯ. ಆದರೆ ಅಂಗಡಿ ಕಣ್ಣಿಗೆ ಕಾಣದಿದ್ದರೂ ವ್ಯಾಪಾರದ ನಿಯಮಗಳು ಬದಲಾಗುವುದಿಲ್ಲ.

ಕೈಯಲ್ಲಿಲ್ಲದ್ದನ್ನು ಮಾರಬಹುದೇ?

ಸೂರತ್‌ನ ಸಗಟು ವ್ಯಾಪಾರಿಯೊಬ್ಬರು ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಾರೆ. ನಾವು ಅದಕ್ಕೆ 150 ರೂಪಾಯಿ ಸೇರಿಸಿ ನಮ್ಮ ಸ್ಟೇಟಸ್‌ಗೆ ಹಾಕುತ್ತೇವೆ. ಗಿರಾಕಿಯಿಂದ ಹಣ ಪಡೆದ ಮೇಲೆ ಆ ಮಾಲನ್ನು ಖರೀದಿಸಲು ಹೊರಡುತ್ತೇವೆ. ಅಷ್ಟರಲ್ಲಿ ಮಾಲು ಮುಗಿದಿದ್ದರೆ? ಬೇರೆ ಬಣ್ಣ ಬಂದರೆ? ಇದೇ ಬಗೆಯ ವ್ಯಾಪಾರದ ಬಗ್ಗೆ ಹಕೀಮ್ ಬಿನ್ ಹಿಝಾಮ್(ರ) ಪ್ರವಾದಿಯವರಲ್ಲಿ(ಸ) ಕೇಳಿದ್ದರು. ನಿಮ್ಮ ಬಳಿ ಇಲ್ಲದ್ದನ್ನು ಮಾರಬೇಡಿ ಎಂಬುದು ಅವರಿಗೆ ಸಿಕ್ಕ ಉತ್ತರದ ತಾತ್ಪರ್ಯ.

ಹಾಗೆಂದು ದಾರಿ ಮುಚ್ಚಿಲ್ಲ. ಒಂದು, ಐದೇ ಆಗಲಿ, ಮೊದಲು ಮಾಲು ಖರೀದಿಸಿ ಕೈಗೆ ಬಂದ ಮೇಲೆ ಮಾರುವುದು. ಎರಡು, ಸಗಟು ವ್ಯಾಪಾರಿಯೊಂದಿಗೆ ಕಮಿಷನ್ ನಿಗದಿಪಡಿಸಿಕೊಂಡು ಅವರ ಏಜೆಂಟರಾಗಿ ಮಾರುವುದು. ಆಗ ಮಾಲು ಅವರದು, ಶ್ರಮದ ಕೂಲಿ ನಮ್ಮದು. ಮೂರು, ಸಲಮ್ ಒಪ್ಪಂದ. ಮದೀನಾದಲ್ಲಿ ಜನರು ಹಣ್ಣಿಗೆ ಮುಂಗಡ ಹಣ ಕೊಡುತ್ತಿದ್ದರು. ಪ್ರವಾದಿಯವರು(ಸ) ಅದನ್ನು ತಡೆಯದೆ ಅಳತೆ, ತೂಕ, ಅವಧಿಗಳು ಖಚಿತವಾಗಿರಬೇಕೆಂದರು. ಇಲ್ಲಿ ಪೂರ್ತಿ ಹಣ ಮೊದಲೇ ಸಂದಾಯವಾಗಬೇಕು. ಆರ್ಡರ್ ಪಡೆದು ಹೊಲಿದುಕೊಡುವಂತಹ ಕೆಲಸಗಳ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಿಮ್ಮ ಊರಿನ ಉಸ್ತಾದರನ್ನೋ ಮೌಲಾನಾರನ್ನೋ ಕೇಳಿ ತಿಳಿದುಕೊಳ್ಳಿ.

ಲಾಭ ನಿಜವಾಗಿ ಎಷ್ಟು?

ಉದಾಹರಣೆಗೆ, ಒಂದು ಬುರ್ಖಾದ ಖರೀದಿ 600 ರೂಪಾಯಿ, ಕೊರಿಯರ್ 70, ಕವರ್ 10, ಮಾರಾಟ 750 ಎಂದುಕೊಳ್ಳಿ. ಲಾಭ 70. ಮಾಲು ತಲುಪಿದ ಮೇಲೆ ಹಣ ಪಡೆಯುವ ಪದ್ಧತಿಯಲ್ಲಿ ಹತ್ತರಲ್ಲಿ ಒಂದು ವಾಪಸ್ ಬಂತೆಂದರೆ, ಹೋಗಿ ಬರುವ ಕೊರಿಯರ್ ಮತ್ತು ಕವರ್ ಸೇರಿ 150 ರೂಪಾಯಿ ನಷ್ಟ. ಒಂಬತ್ತು ಮಾರಾಟದಿಂದ ಬಂದ 630ರಲ್ಲಿ ಉಳಿಯುವುದು 480 ಮಾತ್ರ. ಬೆಲೆ ನಿಗದಿಪಡಿಸುವ ಮುನ್ನವೇ ಈ ಲೆಕ್ಕ ಹಾಕಬೇಕು.

ಒದ್ದೆ ಧಾನ್ಯ ಮೇಲಿರಲಿ

ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿಯವರಿಗೆ(ಸ) ಒದ್ದೆ ತಗುಲಿತು. ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದರು. ಆನ್‌ಲೈನ್ ಗಿರಾಕಿಗೆ ರಾಶಿಯೊಳಗೆ ಕೈಯಿಡುವ ಅವಕಾಶವೇ ಇಲ್ಲ. ಆದ್ದರಿಂದ ಹಗಲು ಬೆಳಕಿನಲ್ಲಿ ನೀವೇ ತೆಗೆದ ಫೋಟೋ ಹಾಕಿ. ಉದ್ದ, ಅಗಲ, ಬಟ್ಟೆಯ ಬಗೆ, ಸಣ್ಣ ದೋಷವಿದ್ದರೆ ಅದನ್ನೂ ಬರೆಯಿರಿ. ವಾಪಸಾತಿಯ ಷರತ್ತನ್ನು ಹಣ ಪಡೆಯುವ ಮೊದಲೇ ತಿಳಿಸಿ. ಗಿರಾಕಿಯ ಹೆಸರಿನಲ್ಲಿ ನಾವೇ ಹೊಗಳಿಕೆ ಬರೆಯುವುದು ಸುಳ್ಳು ಮಾತ್ರವಲ್ಲ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರವೂ ನಿಷಿದ್ಧ.

ಲೆಕ್ಕ ಮತ್ತು ಕಾನೂನು

2025ರ ಜುಲೈಯಲ್ಲಿ, ಯುಪಿಐ ವಹಿವಾಟಿನ ಆಧಾರದಲ್ಲಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಬಹುದು. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇಲ್ಲಿ ಎಣಿಕೆಗೆ ಬರುವುದು ಲಾಭವಲ್ಲ, ಒಟ್ಟು ಮಾರಾಟ. ತೆರಿಗೆಯಿರುವ ಸರಕನ್ನು ಹೊರ ರಾಜ್ಯಕ್ಕೆ ಮಾರುವುದಾದರೆ ಸಾಮಾನ್ಯವಾಗಿ ಈ ಮಿತಿಯೊಳಗೂ ನೋಂದಣಿ ಅಗತ್ಯ. ತಿನಿಸು ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಅದರ ಸಂಖ್ಯೆಯನ್ನು ಲೇಬಲಿನಲ್ಲಿ ಮುದ್ರಿಸಬೇಕು.

ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಗಲ್ಫ್‌ನಿಂದ ಪತಿ ಕಳುಹಿಸಿದ ಹಣ, ತಂಗಿ ತೀರಿಸಿದ ಕೈಸಾಲ, ಮಾರಾಟದ ಹಣ ಎಲ್ಲವೂ ಒಂದೇ ಖಾತೆಗೆ ಬಂದರೆ ಯಾವುದು ಯಾವುದೆಂದು ನಾಳೆ ವಿವರಿಸುವುದು ಕಷ್ಟ. ಚಾಂದ್ರಮಾನ ವರ್ಷಕ್ಕೊಮ್ಮೆ ಮಾರಾಟದ ಮಾಲು ಮತ್ತು ವ್ಯಾಪಾರದ ಹಣವನ್ನು ಲೆಕ್ಕ ಹಾಕಿ, ನಿಸಾಬ್ ತಲುಪಿದ್ದರೆ ಶೇ. 2.5 ಝಕಾತ್ ಕೊಡುವುದಕ್ಕೂ ಇದೇ ಪುಸ್ತಕ ನೆರವಾಗುತ್ತದೆ.

ಮೋಸದ ಬಗ್ಗೆಯೂ ಎಚ್ಚರವಿರಲಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಲು ಹೇಳುವವರು ವಂಚಕರು. ಪಾವತಿಯ ಸ್ಕ್ರೀನ್‌ಶಾಟ್ ನಂಬದೆ ಖಾತೆಯನ್ನೇ ನೋಡಿ ಮಾಲು ಕಳುಹಿಸಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಖದೀಜಾ(ರ) ತಮ್ಮ ಸರಕನ್ನು ಇತರರ ಮೂಲಕ ಶಾಮ್‌ಗೆ ಕಳುಹಿಸಿ ವ್ಯಾಪಾರ ಮಾಡುತ್ತಿದ್ದರು. ಆ ಹೊಣೆಗೆ ಅವರು ಆರಿಸಿದ್ದು ಪ್ರಾಮಾಣಿಕತೆಗೆ ಹೆಸರಾಗಿದ್ದ ಯುವಕ ಮುಹಮ್ಮದರನ್ನು(ಸ). ನಮ್ಮ ಮುಖವನ್ನೇ ನೋಡದೆ ಹಣ ಕಳುಹಿಸುವ ಗಿರಾಕಿಯೂ ನಮ್ಮಲ್ಲಿ ಆ ಪ್ರಾಮಾಣಿಕತೆಯನ್ನೇ ನಿರೀಕ್ಷಿಸುತ್ತಾರೆ. ಅವರ ಹಣ ನಮ್ಮ ಕೈಯಲ್ಲಿರುವ ಅಮಾನತ್.