ತೆನೆ ಹಬ್ಬ: ಎರೆಭೂಮಿಯ ಕಾಣಿಕೆ ಯಾವುದು?

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನ. ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಅದು ಹೊಸ ತೆನೆಯ ಹಬ್ಬವೂ ಹೌದು. ಕೊಂಕಣಿ ಬಾಂಧವರು ಇದನ್ನು ಮೊಂತಿ ಫೆಸ್ತ್ ಎನ್ನುತ್ತಾರೆ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಪೂಜ್ಯ ಫಾದರ್ ಜೋಕಿಂ ಮಿರಾಂದಾ ಅವರು ಇದಕ್ಕೆ ನಾಂದಿ ಹಾಡಿದರೆಂಬುದು ಅಲ್ಲಿನ ಪರಂಪರೆಯ ಮಾತು. 1784ರಲ್ಲಿ ಶ್ರೀರಂಗಪಟ್ಟಣದ ಸೆರೆಗೆ ಒಯ್ಯಲ್ಪಟ್ಟ ಕೆನರಾದ ಕ್ರೈಸ್ತರಲ್ಲಿ ಬದುಕುಳಿದವರು 1799ರ ನಂತರ ಊರಿಗೆ ಮರಳಿದರು. ಅಂತಹ ಕಷ್ಟವನ್ನೂ ದಾಟಿ ಉಳಿದುಬಂದ ಹಬ್ಬವಿದು.

ಆಳಂದ ತಾಲೂಕಿನ ಖಜೂರಿಯಂತಹ ಗಡಿಗ್ರಾಮದಿಂದ ಕರಾವಳಿಗೆ ಹೋದವರಿಗೆ ಅಲ್ಲಿನ ಗ್ರಾಮೀಣ ದೇವಾಲಯದ ಈ ಆರಾಧನೆ ಪರದೇಶದ ನೋಟದಂತೆ ಕಾಣುವುದು ಸಹಜ. ಒಂಬತ್ತು ದಿನಗಳ ನೊವೆನಾದಲ್ಲಿ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ಮೆರವಣಿಗೆ ಮತ್ತು ದಿವ್ಯ ಬಲಿಪೂಜೆಯ ಬಳಿಕ ಪ್ರತಿ ಮನೆಗೂ ತೆನೆ ಹಂಚಲಾಗುತ್ತದೆ. ಮನೆಯಲ್ಲಿ ಹೊಸ ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೆರೆಸಿ, ಪ್ರಾರ್ಥನೆಯ ನಂತರ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಬಳಿಕ ಬಾಳೆಎಲೆಯ ಮೇಲೆ ಸಸ್ಯಾಹಾರದ ಊಟ. ಗಲ್ಫ್ ನಾಡುಗಳಲ್ಲಿ ದುಡಿಯುವ ಮಕ್ಕಳಿಗೂ ಒಣಗಿದ ತೆನೆಯನ್ನು ಅಂಚೆಯಲ್ಲಿ ಕಳುಹಿಸುವ ರೂಢಿ ಬೆಳೆದಿದೆ. ದೂರವಿರುವವರಿಗೂ ಮನೆಯ ಅನ್ನದಲ್ಲಿ ಪಾಲುಂಟೆಂಬುದು ಅದರ ಭಾವ.

ಆದರೆ ನಮ್ಮ ಎರೆಭೂಮಿಯ ಪಂಚಾಂಗವೇ ಬೇರೆ. ಸೆಪ್ಟೆಂಬರಿನಲ್ಲಿ ತೊಗರಿ ಇನ್ನೂ ಹಸಿರಾಗಿಯೇ ನಿಂತಿರುತ್ತದೆ. ಅದರ ಕೊಯ್ಲು ಡಿಸೆಂಬರ್, ಜನವರಿಯಲ್ಲಿ. ಹಿಂಗಾರಿನ ಜೋಳವನ್ನು ಆಗ ಬಿತ್ತಿರುವುದೂ ಇಲ್ಲ. ಹಾಗೆಂದು ನಮ್ಮ ಬುಟ್ಟಿ ಬರಿದೇ? ಇಲ್ಲ. ಮುಂಗಾರಿನ ಹೆಸರು ಮತ್ತು ಉದ್ದು ಮನೆಗೆ ಬರುವುದು ಸರಿಸುಮಾರು ಇದೇ ದಿನಗಳಲ್ಲಿ. ಕೊಯ್ಲಿನ ಹೊತ್ತಿಗೆ ಸುರಿವ ಮಳೆಯಿಂದ ಉಳಿಸಿಕೊಂಡ ಒಂದು ಹಿಡಿ ಹೆಸರು ಭತ್ತದ ತೆನೆಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ. ಇನ್ನು ಎಳ್ಳಮಾವಾಸ್ಯೆಯಂದು ನಮ್ಮ ನೆರೆಹೊರೆಯ ರೈತರು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬುಗಳನ್ನು ಬಂದವರೆಲ್ಲರೊಡನೆ ಉಣ್ಣುತ್ತಾರೆ. ಭೂಮಿಯ ಫಲ ಒಬ್ಬನದಲ್ಲ ಎಂಬ ಅರಿವು ನಮ್ಮ ನೆಲಕ್ಕೆ ಹೊಸದಲ್ಲ. ಆಯಾ ಜನರ ಸಂಸ್ಕೃತಿಯಲ್ಲಿರುವ ಒಳಿತನ್ನು ಆರಾಧನೆಯಲ್ಲಿ ಗೌರವಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ದಾರಿ ತೋರಿದೆ. 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ಧರ್ಮಕ್ಷೇತ್ರದ ಕುಟುಂಬಗಳು ಕರಾವಳಿಯ ಭತ್ತಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಬೆಳೆ ಕೈಕೊಟ್ಟ ವರ್ಷ ಏನನ್ನು ಅರ್ಪಿಸೋಣ? 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿ 2022ರಲ್ಲಿ ನೆಟೆ ರೋಗಕ್ಕೆ ತುತ್ತಾಗಿ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. ಸಾಲ ಮಾತ್ರ ಒಣಗಲಿಲ್ಲ. ಹೊಲವೇ ಇಲ್ಲದವರು, ಕೂಲಿಗಾಗಿ ಪುಣೆ, ಮುಂಬಯಿಗೆ ವಲಸೆ ಹೋಗುವವರು ಯಾವ ತೆನೆಯನ್ನು ತಂದಾರು?

ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಇಲ್ಲಿ ನಮಗೆ ಬೆಳಕಾಗುತ್ತದೆ. ಪ್ರಥಮ ಫಲದ ಬುಟ್ಟಿಯನ್ನು ತಂದ ಇಸ್ರಯೇಲಿನ ರೈತನು ಮೊದಲು ತನ್ನ ಪೂರ್ವಜರ ಅಲೆದಾಟವನ್ನೂ ದಾಸ್ಯವನ್ನೂ ದೇವರ ಮುಂದೆ ನೆನೆಯಬೇಕಿತ್ತು. ನಂತರ ಪರದೇಶಿಯೊಡನೆ ಸಂತೋಷದಿಂದ ಹಂಚಿಕೊಳ್ಳಬೇಕಿತ್ತು. ಅನಾಥರಿಗೂ ವಿಧವೆಯರಿಗೂ ಪಾಲು ಕೊಡಬೇಕೆಂಬ ಆಜ್ಞೆ ಅದೇ ಅಧ್ಯಾಯದಲ್ಲಿದೆ. ಅಂದರೆ ಕಷ್ಟದ ನೆನಪೂ ಕಾಣಿಕೆಯ ಒಂದು ಭಾಗ. ಹಂಚದ ಕಾಣಿಕೆ ಅಪೂರ್ಣ.

ಆದ್ದರಿಂದ ಈ ಬಾರಿಯ ಹಬ್ಬಕ್ಕೆ ಬೆಳೆದವರು ಒಂದು ಸೇರು ಹೆಸರನ್ನು ತರಲಿ. ಬೆಳೆ ಕಳೆದುಕೊಂಡವರು ಒಣಗಿದ ಗಿಡವನ್ನೇ ಪೀಠದ ಮುಂದಿಡಲು ನಾಚದಿರಲಿ. ಕೂಲಿಯವರು ತಮ್ಮ ಕುಡುಗೋಲನ್ನು ಆಶೀರ್ವಾದಕ್ಕೆ ಒಡ್ಡಲಿ. ಪೂಜೆ ಮುಗಿದ ಮೇಲೆ ಪೀಠದ ಬಳಿಯ ಧಾನ್ಯ ಯಾರ ಮನೆಯ ಒಲೆ ತಣ್ಣಗಿದೆಯೋ ಆ ಮನೆಯನ್ನು ಮೊದಲು ಸೇರಲಿ. ಆಗ ಮಾತೆಯ ಜನ್ಮೋತ್ಸವ ನಮ್ಮ ನೆಲದಲ್ಲಿಯೂ ನಿಜವಾದ ತೆನೆ ಹಬ್ಬವಾಗುವುದು.