ಜಾಗ ದೊಡ್ಡದು, ಜನ ಕಡಿಮೆ: ನಮ್ಮ ಉತ್ತರ ಕನ್ನಡ ಜಿಲ್ಲೆ



ನಮ್ಮ ಜಿಲ್ಲೆಯ ನಕಾಶೆಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ನೋಡಿದರೆ ತಾಲೂಕುಗಳ ಹೆಸರು ಗೊತ್ತಾಗುತ್ತದೆ. ಆದರೆ ಇಷ್ಟು ದೊಡ್ಡ ಜಿಲ್ಲೆಯಲ್ಲಿ ಜನ ಎಂತಕ್ಕೆ ಇಷ್ಟು ಕಡಿಮೆ, ಇದ್ದವರು ಎಲ್ಲಿ ಇದ್ದಾರೆ, ಹೇಗೆ ಇದ್ದಾರೆ ಅನ್ನೋದು ಗೊತ್ತಾಗುವುದಿಲ್ಲ. ಸಮಾಜ ವಿಜ್ಞಾನದ ಅಕ್ಕೋರು ಈ ವಿಷಯದ ಮೇಲೆ ಬರೆಯಲು ಹೇಳಿದ್ದರಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

1. ಮೊದಲು ಲೆಕ್ಕ

ನಮ್ಮ ಜಿಲ್ಲೆಯ ವಿಸ್ತೀರ್ಣ ಸುಮಾರು 10,290 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಸಿಕ್ಕ ಜನಸಂಖ್ಯೆ 14,37,169. ಅಂದ್ರೆ ಒಂದು ಚದರ ಕಿ.ಮೀ.ಗೆ 140 ಜನ. ಇಡೀ ಕರ್ನಾಟಕದ ಸರಾಸರಿ 319. ನಮಗಿಂತ ಕಡಿಮೆ ಇದ್ದದ್ದು ಕೊಡಗು ಮಾತ್ರ, ಅಲ್ಲಿ 135. ದಕ್ಷಿಣ ಕನ್ನಡ ಜಿಲ್ಲೆ ನಮ್ಮ ಜಿಲ್ಲೆಯ ಅರ್ಧದಷ್ಟೂ ಇಲ್ಲ, ಆದರೆ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಇದ್ದರು.

ಇದನ್ನು ಓದಿದವರು "ಹಾಗಾದ್ರೆ ನಿಮ್ಮಲ್ಲಿ ಬೇಕಾದಷ್ಟು ಖಾಲಿ ಜಾಗ ಅದೆ" ಅನ್ನುತ್ತಾರೆ. ಅದು ಸರಿಯಲ್ಲ. ಜಿಲ್ಲೆಯ 100 ಪಾಲಿನಲ್ಲಿ ಸುಮಾರು 80 ಪಾಲು ಅರಣ್ಯ ಎಂದು ದಾಖಲೆಯಲ್ಲಿದೆ. ಉಳಿದ 20 ಪಾಲು ಅಂದ್ರೆ ಸುಮಾರು 2,058 ಚದರ ಕಿ.ಮೀ. ಎಲ್ಲ ಜನರೂ ಆ ಜಾಗದಲ್ಲೇ ಇದ್ದಾರೆ ಅಂತ ಇಟ್ಟುಕೊಂಡು ಭಾಗಿಸಿ ನೋಡಿ. ಒಂದು ಚದರ ಕಿ.ಮೀ.ಗೆ ಸುಮಾರು 700 ಜನ ಬರುತ್ತಾರೆ! ಕಾಡಿನ ಒಳಗೂ ಮನೆಗಳಿವೆ, ಹಾಗಾಗಿ ಇದು ಅಂದಾಜಿನ ಲೆಕ್ಕ. ಆದರೂ ಒಂದು ಮಾತು ಇದರಿಂದ ತಿಳಿಯುತ್ತದೆ. ನಮ್ಮ ಜಿಲ್ಲೆ ಖಾಲಿ ಇಲ್ಲ. ಮನೆ ಕಟ್ಟಿ ಗದ್ದೆ ಮಾಡುವ ಜಾಗ ಸಣ್ಣದು, ಅಲ್ಲಿ ಜನ ಒತ್ತಾಗಿಯೇ ಇದ್ದಾರೆ.

2. ಘಟ್ಟದ ಮೇಲೆ, ಘಟ್ಟದ ಕೆಳಗೆ

ನಮ್ಮ ಕಡೆ ಯಾರನ್ನೇ "ನಿಮ್ಮೂರು ಯಾವುದು?" ಎಂದು ಕೇಳಿದರೂ ಮೊದಲು ತಿಳಿಯುವುದು ಘಟ್ಟದ ಮೇಲಿನವರೋ ಕೆಳಗಿನವರೋ ಅನ್ನೋದು. ಭೂಗೋಳದ ಪ್ರಕಾರವೂ ಇದೇ ಸರಿಯಾದ ವಿಂಗಡಣೆ.

ಘಟ್ಟದ ಕೆಳಗೆ ಐದು ತಾಲೂಕು: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ, ದಾಂಡೇಲಿ. ಅಲ್ಲಿಂದ ಪೂರ್ವಕ್ಕೆ ಹಳಿಯಾಳ, ಮುಂಡಗೋಡ. ಇವು ಬಯಲುಸೀಮೆಯ ಸೆರಗಿನಲ್ಲಿವೆ.

ಕೆಳಗಿನ ಕರಾವಳಿ ಒಂದು ಸಪೂರ ಪಟ್ಟಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗುಡ್ಡ. ಕಾರವಾರದ ಹತ್ತಿರ ಗುಡ್ಡವೇ ಸಮುದ್ರಕ್ಕೆ ಇಳಿದಿದೆ. ಮೇಲೆ ಹತ್ತಬೇಕಾದರೆ ಘಟ್ಟದ ದಾರಿಯೇ ಗತಿ: ಕಾರವಾರದಿಂದ ಅಣಶಿ ಘಟ್ಟ, ಅಂಕೋಲಾದಿಂದ ಅರಬೈಲ್ ಘಟ್ಟ, ಕುಮಟಾದಿಂದ ದೇವಿಮನೆ ಘಟ್ಟ, ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ. ಮಳೆಗಾಲದಲ್ಲಿ ಗುಡ್ಡ ಜರಿದು ಒಂದು ಘಟ್ಟ ಬಂದಾದರೆ ಬಸ್ಸು ಇನ್ನೊಂದು ಘಟ್ಟ ಸುತ್ತಿ ಬರುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಲೇ ಇದೆ. ಕಾಡು ಕಡಿಯಬೇಕಾಗುತ್ತದೆ ಎಂಬ ಕಾರಣಕ್ಕೆ ಅದು ಮತ್ತೆ ಮತ್ತೆ ನಿಂತಿದೆ.

3. ನಾಲ್ಕು ಹೊಳೆ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇವು ನಾಲ್ಕೂ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತವೆ. ಘಟ್ಟ ಇಳಿಯುವಲ್ಲಿ ಅಬ್ಬಿಗಳಾಗುತ್ತವೆ: ಗಂಗಾವಳಿ (ಮೇಲೆ ಇದರ ಹೆಸರು ಬೇಡ್ತಿ) ಮಾಗೋಡಿನಲ್ಲಿ, ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್, ಶರಾವತಿ ಜೋಗದಲ್ಲಿ 253 ಮೀಟರ್.

ಘಟ್ಟ ಇಳಿದ ಮೇಲೆ ಹೊಳೆ ಒಮ್ಮೆಲೇ ಸಾವಕಾಶ ಆಗ್ತದೆ. ಅಳಿವೆಯಿಂದ ಸಮುದ್ರದ ನೀರು ದಿನಕ್ಕೆ ಎರಡು ಸಲ ಭರತಕ್ಕೆ ಒಳಗೆ ಬರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಹಾಗಾಗಿ ನಮ್ಮ ಹೊಳೆಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. "ತಂಗೀ, ಘಟ್ಟದ ಮೇಲೆ ಹೊಯ್ದ ಮಳೆ ನಮ್ಮ ಗದ್ದೆಗೆ ಮರುದಿನ ಗೊತ್ತಾಗ್ತದೆ" ಎಂದು ನಮ್ಮ ಅಜ್ಜ ಹೇಳುತ್ತಾರೆ. ಮೇಲಿನ ಕಾಡಿಗೂ ಕೆಳಗಿನ ಗದ್ದೆಗೂ ಇರುವ ಸಂಬಂಧ ಇದೇ.

ಸೇತುವೆಗಳು ಆಗುವ ಮೊದಲು ತಾರಿಯಲ್ಲಿ ದಾಟಿಯೇ ಆಚೆ ಊರಿಗೆ ಹೋಗಬೇಕಿತ್ತು. ಪ್ರತಿ ಹೊಳೆಯ ಈಚೆಗೂ ಆಚೆಗೂ ಬೇರೆ ಬೇರೆ ಲೋಕ ಇದ್ದಂತೆ. ಅದಕ್ಕೇ ಇಷ್ಟು ಕಡಿಮೆ ಜನರಲ್ಲಿ ಇಷ್ಟೊಂದು ಬಗೆಯ ಮಾತು ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಹಾಲಕ್ಕಿ ಒಕ್ಕಲಿಗರ ಕನ್ನಡ ಒಂದು ಬಗೆ, ಹವ್ಯಕರ ಕನ್ನಡ ಇನ್ನೊಂದು ಬಗೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿಯೂ ಇದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ಇದ್ದಾರೆ. ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟಿನವರ ಕಾಲೊನಿ ಇದೆ.

4. ಉಪ್ಪು ನೀರಿನಲ್ಲಿ ಬೆಳೆಯುವ ಭತ್ತ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಬದಿಯ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಇಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ತಡೆಯುತ್ತದೆ, ನೆರೆಯನ್ನೂ ತಡೆಯುತ್ತದೆ.

ಜೂನ್ ತಿಂಗಳ ಮಳೆ ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಆಗ ಮೊಳಕೆ ಬಂದ ಬೀಜವನ್ನು ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಸಸಿ ಆಳೆತ್ತರಕ್ಕೆ ಹತ್ತಿರ ಬೆಳೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಟ್ಟರೆ ಶೆಟ್ಲಿ, ಮೀನು ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಆಹಾರ. ಅಂದ್ರೆ ಒಂದೇ ಗದ್ದೆಯಿಂದ ಅನ್ನವೂ ಬಂತು, ಮೀನೂ ಬಂತು. ಇಳಿತದ ಹೊತ್ತಿನಲ್ಲಿ ಹೊಳೆಗೆ ಇಳಿದು ಬಳಚು ಆರಿಸಿ ಮಾರುವ ಮನೆಗಳೂ ಬಹಳ ಇವೆ.

ಕಟ್ಟೆ ಒಡೆದರೆ ಒಬ್ಬರ ಗದ್ದೆ ಅಷ್ಟೇ ಅಲ್ಲ, ಇಡೀ ಗಜನಿಗೆ ಉಪ್ಪು ನುಗ್ಗುತ್ತದೆ. ಆದ್ದರಿಂದ ಎಲ್ಲರೂ ಸೇರಿ ಕಟ್ಟೆ ಕಾಯಬೇಕು. ಈಗ ದುಡಿಯುವ ಪ್ರಾಯದವರು ಗೋವಾ, ಬೆಂಗಳೂರು ಸೇರಿದ್ದಾರೆ. ಕಟ್ಟೆಗೆ ಮಣ್ಣು ಹಾಕಲು ಆಳು ಸಿಗುವುದಿಲ್ಲ. ಶೆಟ್ಲಿಗೆ ಹೆಚ್ಚು ದುಡ್ಡು ಬರುವುದರಿಂದ ವರ್ಷವಿಡೀ ಉಪ್ಪು ನೀರು ನಿಲ್ಲಿಸುವುದೂ ಉಂಟು. ಕಗ್ಗ ಕಡಿಮೆಯಾಗಿದ್ದು ಹೀಗೆ. ಅಘನಾಶಿನಿ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್ಸಾರ್ ತಾಣ ಎಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಸಂತೋಷದ ವಿಷಯ. ಆದರೆ ಕಟ್ಟೆ ಕಟ್ಟುವುದಕ್ಕೆ ಜನವೇ ಬೇಕು.

5. "ಖಾಲಿ ಜಾಗ"ಕ್ಕೆ ಬಂದ ಯೋಜನೆಗಳು

ಜನ ಕಡಿಮೆ, ನೀರು ಹೆಚ್ಚು. ಇದರಿಂದಾಗಿ ದೊಡ್ಡ ದೊಡ್ಡ ಯೋಜನೆಗಳು ನಮ್ಮ ಜಿಲ್ಲೆಗೆ ಬಂದವು. ಕಾಳಿ ಹೊಳೆ ಒಂದಕ್ಕೇ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟುಗಳು. ಅದೇ ಹೊಳೆಯ ದಂಡೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ, ಅದರ ಮೊದಲ ಎರಡು ಘಟಕ 2000ದಲ್ಲಿ ಶುರುವಾದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. 2005ರಲ್ಲಿ ಕಾರವಾರದ ಹತ್ತಿರ ನೌಕಾನೆಲೆ ಆಯಿತು.

ಇವುಗಳಿಂದ ರಾಜ್ಯಕ್ಕೂ ದೇಶಕ್ಕೂ ಉಪಯೋಗ ಆಗಿದೆ, ಇಲ್ಲ ಎನ್ನುವಂತಿಲ್ಲ. ಆದರೆ ಪ್ರತಿ ಸಲವೂ ಕೆಲವು ಊರು ಎದ್ದು ಹೋಗಬೇಕಾಯಿತು. ಇದಕ್ಕೆ ದೊಡ್ಡ ಉದಾಹರಣೆ ಸೂಪಾ. 2011ರ ಜನಗಣತಿಯ ಪಟ್ಟಿಯಲ್ಲಿ ಸೂಪಾ ಎಂಬ ತಾಲೂಕು ಇದೆ. ಆದರೆ ಸೂಪಾ ಊರಿಗೆ ಹೋಗುತ್ತೇನೆ ಅಂದ್ರೆ ಹೋಗಲಿಕ್ಕೆ ಆಗುವುದಿಲ್ಲ. ಅಣೆಕಟ್ಟು ಕಟ್ಟಿದ ಮೇಲೆ ಊರು ನೀರಿನಡಿ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಇಂದು ಜೋಯಿಡಾ ಜಿಲ್ಲೆಯಲ್ಲೇ ಜನ ಅತಿ ವಿರಳವಾದ ತಾಲೂಕು.

ಜನ ಸುಮ್ಮನೆ ಕೂತಿರಲಿಲ್ಲ ಅನ್ನೋದನ್ನೂ ಬರೆಯಬೇಕು. 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. 1983ರಲ್ಲಿ ಶಿರಸಿ ಹತ್ತಿರದ ಸಲಕಣಿಯವರು ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದರು. ಅದೇ ಅಪ್ಪಿಕೋ ಚಳವಳಿ. ಅಂಕೋಲಾ ತಾಲೂಕಿನ ತುಳಸಿ ಗೌಡರು ಶಾಲೆಗೆ ಹೋಗದೆ ಸಾವಿರಾರು ಗಿಡ ಬೆಳೆಸಿ ಪದ್ಮಶ್ರೀ ಪಡೆದರು. ಹಾಲಕ್ಕಿ ಹಾಡುಗಳನ್ನು ಉಳಿಸಿದ ಸುಕ್ರಿ ಬೊಮ್ಮಗೌಡರಿಗೂ ಪದ್ಮಶ್ರೀ ಬಂತು. ತುಳಸಿಯವರು 2024ರಲ್ಲಿ, ಸುಕ್ರಿಯವರು 2025ರಲ್ಲಿ ತೀರಿಕೊಂಡರು.

6. ಕಷ್ಟ ಎಲ್ಲಿದೆ?

ಜನ ಕಡಿಮೆ ಇದ್ದಲ್ಲಿ ಬಸ್ಸು ಕಡಿಮೆ, ವೈದ್ಯರು ಕಡಿಮೆ, ಶಾಲೆಯಲ್ಲಿ ಮಕ್ಕಳು ಕಡಿಮೆ. ಇದು ಒಂದಕ್ಕೊಂದು ಗಂಟು ಬಿದ್ದ ವಿಷಯ. ಬಸ್ಸಿಲ್ಲ ಎಂದು ಜನ ಪೇಟೆಗೆ ಹೋಗ್ತಾರೆ, ಜನ ಇಲ್ಲ ಎಂದು ಬಸ್ಸು ನಿಲ್ತದೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಆಸ್ಪತ್ರೆಯದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟಾದರೆ, ಹೃದಯಕ್ಕೆ ತೊಂದರೆಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡುವವರೇ ಹೆಚ್ಚು. ಕುಮಟಾದಿಂದ ಮಣಿಪಾಲ ನೂರು ಕಿ.ಮೀ.ಗಿಂತ ದೂರ. ಜಿಲ್ಲೆಗೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದು ಕೇಳಿದರು.

ಇನ್ನೊಂದು ಕಷ್ಟ ಗುಡ್ಡ ಕುಸಿತ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡಿದರೆ ಮೇಲಿನ ಮಣ್ಣಿಗೆ ಆಧಾರ ಹೋಗುತ್ತದೆ, ನೀರು ಕುಡಿದು ಭಾರವಾದ ಮಣ್ಣು ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಬಿತ್ತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಹತ್ತಿರ ಕಾಳಿ ಹೊಳೆಯ ಹಳೆ ಸೇತುವೆ ಕುಸಿಯಿತು. ನಮ್ಮಲ್ಲಿ ಒಂದು ರಸ್ತೆ ಹೋದರೆ ಬದಲಿ ರಸ್ತೆ ಸುಲಭಕ್ಕೆ ಸಿಗುವುದಿಲ್ಲ.

7. ಕೊನೆಯ ಮಾತು

ಯಾವುದೇ ಜಾಗಕ್ಕೆ ಎಷ್ಟು ಜನ ಇದ್ದಾರೆ ಎಂಬ ಲೆಕ್ಕ ಒಂದೇ ಸಾಲದು. ಆ ಜಾಗ ಎಷ್ಟು ಜನರನ್ನು ಸಾಕುತ್ತದೆ, ಆ ಜಾಗವನ್ನು ಯಾರು ಕಾಯುತ್ತಾರೆ ಎಂದೂ ಕೇಳಬೇಕು. ಗಜನಿಯ ಕಟ್ಟೆ ಕಾಯುವವರು, ಕಾಡಂಚಿನಲ್ಲಿ ಇರುವವರು ಎಲ್ಲ ಎದ್ದು ಹೋದರೆ ಜಿಲ್ಲೆ ನಿಜವಾಗಿ ಖಾಲಿ ಆಗ್ತದೆ. ಅವರು ಇಲ್ಲೇ ಉಳಿಯಬೇಕಾದರೆ ಹತ್ತಿರದಲ್ಲಿ ಆಸ್ಪತ್ರೆ, ಶಾಲೆ, ಬಸ್ಸು ಬೇಕು. ತಲೆ ಎಣಿಸಿ "ನಿಮ್ಮಲ್ಲಿ ಜನ ಸಾಕಾಗುವುದಿಲ್ಲ" ಎಂದು ಹೇಳಿದರೆ ನ್ಯಾಯವಾಗುವುದಿಲ್ಲ.

ಓದುಗರಿಗೆ ಕೆಲಸ: ನಿಮ್ಮ ಕೇರಿಯಲ್ಲಿ ಒಟ್ಟು ಎಷ್ಟು ಮನೆ ಇವೆ? ಬೀಗ ಹಾಕಿದ್ದು ಎಷ್ಟು? ಅಜ್ಜ ಅಜ್ಜಿ ಇಬ್ಬರೇ ಇರುವ ಮನೆ ಎಷ್ಟು? ನಿಮ್ಮ ಮನೆಯಲ್ಲಿ ಹಿಂದೆ ಬೆಳೆಯುತ್ತಿದ್ದು ಈಗ ಬಿಟ್ಟ ಭತ್ತದ ಹೆಸರೇನು? ಮನೆಯ ಹಿರಿಯರನ್ನು ಕೇಳಿ ಬರೆದು ಅಕ್ಕೋರ ಹತ್ತಿರ ಕೊಡಿ. ಎಲ್ಲ ಕೂಡಿಸಿ ನಮ್ಮ ಊರಿನದೇ ಒಂದು ಲೆಕ್ಕವನ್ನು ಮುಂದಿನ ತಿಂಗಳ ಪತ್ರಿಕೆಯಲ್ಲಿ ಹಾಕೋಣ.

– ಹತ್ತನೇ ತರಗತಿಯ ವಿದ್ಯಾರ್ಥಿನಿ