ದೂರದ ಕಪಾಟಿಗೆ ಹೋಗುವ ಗ್ರಂಥಗಳು: ಪಟ್ಟಿ ಇದ್ದರಷ್ಟೇ ಮರಳಿ ಕೈಗೆ

ಚಾಮರಾಜನಗರ ತಾಲ್ಲೂಕಿನ ಮಲೆಯೂರು ಬಳಿಯ ಶ್ರೀಕ್ಷೇತ್ರ ಕನಕಗಿರಿಗೆ 1804ರಲ್ಲಿ ಕಾಲಿನ್ ಮೆಕೆಂಜಿ ಬಂದಿದ್ದರು. ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸುತ್ತಿದ್ದ ಅವರಿಗೆ ಸ್ಥಳದ ವಿವರಗಳನ್ನು ಒದಗಿಸಿದವರು ಮುಂದೆ 'ರಾಜಾವಳೀ ಕಥಾಸಾರ' ಬರೆದ ದೇವಚಂದ್ರ. ಮೆಕೆಂಜಿ ಊರೂರು ಸುತ್ತಿ ಸಂಗ್ರಹಿಸಿದ ಗ್ರಂಥಗಳು ಹುಟ್ಟಿದ ನೆಲದಲ್ಲಿ ಉಳಿಯಲಿಲ್ಲ. 1821ರಲ್ಲಿ ಅವರು ತೀರಿಕೊಂಡ ಬಳಿಕ ಈಸ್ಟ್ ಇಂಡಿಯಾ ಕಂಪನಿ ಅವನ್ನು ಕೊಂಡಿತು. ಒಂದು ಪಾಲು ಲಂಡನ್ನಿಗೆ ಹೋಯಿತು, ದಕ್ಷಿಣದ ಭಾಷೆಗಳ ಬಹುಪಾಲು ಮದರಾಸಿಗೆ ಬಂತು. ಆದರೂ ಅವು ಕಳೆದುಹೋಗಲಿಲ್ಲ. ಎಚ್. ಎಚ್. ವಿಲ್ಸನ್ 1828ರಲ್ಲಿ ಸಂಗ್ರಹದ ವಿವರಪಟ್ಟಿಯನ್ನು ಅಚ್ಚು ಹಾಕಿಸಿದ್ದರು.

ಇಂದು ದೊಡ್ಡ ವಿಶ್ವವಿದ್ಯಾಲಯಗಳ ಮುದ್ರಿತ ಪುಸ್ತಕಗಳೂ ಹೀಗೆಯೇ ಊರು ಬಿಡುತ್ತಿವೆ. ಕಾರಣ ಸರಳ: ಕಪಾಟುಗಳು ತುಂಬಿವೆ, ಓದುಗರಿಗೆ ಕೂರಲು ಜಾಗ ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯ 1986ರಲ್ಲೇ ಆವರಣದಿಂದ ದೂರದಲ್ಲಿ ಸಂಗ್ರಹಾಗಾರ ತೆರೆಯಿತು. ಪ್ರಿನ್ಸ್‌ಟನ್, ಕೊಲಂಬಿಯಾ ಮತ್ತು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಒಂದೇ ಕಟ್ಟಡವನ್ನು ಹಂಚಿಕೊಂಡಿವೆ. ಇಂಥ ಕಡೆ ಉಷ್ಣತೆ ಸುಮಾರು 10 ಡಿಗ್ರಿ, ತೇವ ಕಡಿಮೆ. ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಪುಸ್ತಕಗಳನ್ನು ಜೋಡಿಸುವುದು ಮಾತ್ರ ವಿಷಯದಂತೆ ಅಲ್ಲ, ಎತ್ತರದಂತೆ. ಸಿದ್ಧಾಂತ ಗ್ರಂಥದ ಪಕ್ಕದಲ್ಲಿ ಎಂಜಿನಿಯರಿಂಗ್ ಪುಸ್ತಕ ಕೂತಿರಬಹುದು. ಬಾರ್‌ಕೋಡ್ ಹೇಳಿದರಷ್ಟೇ ಅದು ಹೊರಬರುತ್ತದೆ.

ತೊಡಕು ಇರುವುದು ಇಲ್ಲೇ. ಕಪಾಟಿನ ಮುಂದೆ ನಿಂತು ಕಣ್ಣಾಡಿಸುವಾಗ ಅನಿರೀಕ್ಷಿತವಾಗಿ ಸಿಗುವ ಪುಸ್ತಕ ಇನ್ನು ಸಿಗದು. ಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ಪುಸ್ತಕ ಇದ್ದೂ ಇಲ್ಲದಂತೆ. 1962ರಿಂದ ಪಿಎಲ್-480 ಯೋಜನೆಯಡಿ, ಗೋಧಿಗೆ ಭಾರತ ಕೊಟ್ಟ ರೂಪಾಯಿಯಲ್ಲಿ ಕೊಂಡ ಕನ್ನಡ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳನ್ನು ಸೇರಿವೆ. ಅವುಗಳ ಶೀರ್ಷಿಕೆಗಳು ಅಲ್ಲಿ ಹೆಚ್ಚಾಗಿ ದಾಖಲಾಗಿರುವುದು ರೋಮನ್ ಲಿಪಿಯಲ್ಲಿ. 'ಳ'ಕಾರದ ಅಡಿಯ ಚುಕ್ಕೆ ಬಿಟ್ಟರೆ 'ಲ' ಆಗಿಬಿಡುತ್ತದೆ.

ಹಂಚಿಕೆ ಎಂದರೆ ಇನ್ನೊಂದು ಅರ್ಥವೂ ಇದೆ: ಒಂದು ಪ್ರತಿ ಉಳಿಸಿ, ಮಿಕ್ಕವನ್ನು ಕೈಬಿಡುವುದು. ಜೈನ ಸಮಾಜ ಗಮನಿಸಬೇಕಾದದ್ದು ಇದನ್ನೇ. ಶಾಸ್ತ್ರದಾನಕ್ಕೆಂದು ಮನೆತನಗಳು ಅಚ್ಚು ಹಾಕಿಸಿ ಹಂಚಿದ ಎಷ್ಟೋ ಪುಸ್ತಕಗಳಿಗೆ ಬೆಲೆಯಿಲ್ಲ, ಪ್ರಕಾಶಕರ ಹೆಸರೂ ಇರುವುದಿಲ್ಲ. ದಾನಿಗಳ ಪುಟವೊಂದೇ ಆ ಪ್ರತಿಯ ಚರಿತ್ರೆ. ಪಟ್ಟಿ ಮಾಡುವವರಿಗೆ ಅದು 'ಹೆಚ್ಚುವರಿ ಪ್ರತಿ'ಯಾಗಿ ಕಂಡರೆ ಅಚ್ಚರಿಯಿಲ್ಲ.

ಚಾಮರಾಜನಗರ, ಗುಂಡ್ಲುಪೇಟೆಯ ಮಟ್ಟಿಗೆ ದೂರದ ಕಪಾಟು ಹೊಸತೇನಲ್ಲ. 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಆರಂಭವಾಗುವ ತನಕ ಇಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಗುಂಡ್ಲುಪೇಟೆಯ ವಿದ್ಯಾರ್ಥಿ ಓಲೆಗರಿ ನೋಡಬೇಕೆಂದರೆ ಸುಮಾರು 60 ಕಿ.ಮೀ. ದೂರದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ, ಕನ್ನಡ ಅಧ್ಯಯನ ಸಂಸ್ಥೆಗೋ ಹೋಗಬೇಕು. ಬಸ್ಸು ಹತ್ತುವ ಮುನ್ನ ಅಚ್ಚಾದ ಹಸ್ತಪ್ರತಿ ಸೂಚಿ ನೋಡಬಹುದು. ವಿಶ್ವವಿದ್ಯಾಲಯ ಗ್ರಂಥಾಲಯಗಳ ಪುಸ್ತಕಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಇಂಡ್‌ಕ್ಯಾಟ್' ಎಂಬ ಒಟ್ಟು ಪಟ್ಟಿ ಇದೆ.

ಮನೆಯ ಹಳೆಯ ಗ್ರಂಥಗಳನ್ನು ಗ್ರಂಥಾಲಯಕ್ಕೆ ಕೊಡುವ ಕುಟುಂಬಗಳು ಹೆಸರು, ಅಚ್ಚಾದ ವರ್ಷ, ಮುದ್ರಣಾಲಯ, ದಾನಿಗಳ ಪುಟ ಇಷ್ಟನ್ನು ಕನ್ನಡದಲ್ಲೇ ಬರೆದು ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು ಒಳಿತು. ಸ್ವೀಕೃತಿ ಪತ್ರ ಕೇಳಲು ಸಂಕೋಚ ಬೇಡ. ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ವಾಡಿಕೆ ಹೇಗೂ ಇದೆ. ಪಟ್ಟಿ ಬರೆಯಲು ಆ ದಿನವೇ ಅನುಕೂಲ. ಪ್ರತಿಯೊಂದು ಕಟ್ಟೂ ಆಗ ಕೈಯಲ್ಲೇ ಇರುತ್ತದೆ.